ಹೊಲಿಗೆ ಕಾಣಬೇಕೋ, ನೆರಳು ಕಾಣಬೇಕೋ

ಬೆಂಗಳೂರಿನಲ್ಲಿ ಸ್ಟುಡಿಯೊ ಬಾಡಿಗೆಗೆ ಗಂಟೆಯ ಲೆಕ್ಕ. ದೀಪ ಜೋಡಿಸಿದ ಹೊತ್ತು, ಇಸ್ತ್ರಿ ತಿಕ್ಕಿದ ಹೊತ್ತು, ಮಾಡೆಲ್ ಆಗಲು ಒಪ್ಪಿದ ಗೆಳತಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಹೊತ್ತು, ಎಲ್ಲವೂ ಅದರೊಳಗೇ. ಕೊನೆಯ ವರ್ಷದ ಫ್ಯಾಷನ್ ವಿದ್ಯಾರ್ಥಿಗಳು ಇದಕ್ಕೆಲ್ಲ ಹೇಗೋ ಸಿದ್ಧರಾಗಿಯೇ ಬರುತ್ತಾರೆ. ಸಿದ್ಧತೆ ಇಲ್ಲದಿರುವುದು ಒಂದೇ ವಿಷಯಕ್ಕೆ: ಉಡುಪು ಹೊಲಿದವಳಿಗೆ ಬೇಕಾದ ಚಿತ್ರ ಒಂದು, ಕ್ಯಾಮೆರಾ ಹಿಡಿದವಳಿಗೆ ಬೇಕಾದದ್ದು ಇನ್ನೊಂದು.

‘ಮೂಡ್ ಎಷ್ಟು ಚೆನ್ನಾಗಿದೆ ನೋಡೇ’ ಎಂದು ಇವಳು. ‘ಮೂಡ್ ಇರಲಿ ಬಿಡು, ನನ್ನ ಹೊಲಿಗಿ ಎಲ್ಲಿ ಕಾಣಸ್ತದ?’ ಎಂದು ಅವಳು. ಸೆಮಿಸ್ಟರ್ ಪೂರ್ತಿ ಕೂತು ಕೂಡಿಸಿದ ತೋಳು ಕತ್ತಲಲ್ಲಿ ಮುಳುಗಿದರೆ ಯಾರಿಗೆ ತಾನೇ ಸಹನೆಯಾದೀತು?

ಇಳಕಲ್ ಸೀರೆಯಿಂದ ಹೊಲಿದ ಗೌನನ್ನೇ ತೆಗೆದುಕೊಳ್ಳಿ. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸೆಳೆಗಳನ್ನು ಮಗ್ಗದ ಮೇಲೇ ಕೊಂಡಿ ಹಾಕಿ ಕೂಡಿಸುತ್ತಾರೆ. ಬೆಳಕಿನ ಮುಂದೆ ಇವು ಒಂದೇ ಬಟ್ಟೆಯಂತೆ ನಡೆದುಕೊಳ್ಳುವುದಿಲ್ಲ. ಹತ್ತಿಯ ನೇಯ್ಗೆ ಎದ್ದು ಕಾಣಲು ದೀಪ ಪಕ್ಕದಿಂದ ಬರಬೇಕು. ಹಾಗೆ ತಂದರೆ ರೇಷ್ಮೆಯ ಮಡಿಕೆಗಳಲ್ಲಿ ಬಿಳಿ ಮಿಂಚು ಕೂತು ಕಸೂತಿಯೇ ಅಳಿಸಿಹೋಗಬಹುದು. ದೀಪದ ಕೋನವನ್ನು ಅಂಗುಲ ಅಂಗುಲವಾಗಿ ತಿರುಗಿಸುತ್ತಾ ಮಿಂಚು ಎಲ್ಲಿ ಜಾರುತ್ತದೆಂದು ಕಾಯುವುದೇ ಸರಿಯಾದ ದಾರಿ. ಸೆರಗಿನ ಕೆಂಪಿನದು ಬೇರೆಯೇ ಕಥೆ. ಡಿಜಿಟಲ್ ಕ್ಯಾಮೆರಾದಲ್ಲಿ ಗಾಢ ಕೆಂಪು ಬೇಗ ತುಂಬಿ ತುಳುಕುತ್ತದೆ. ಒಟ್ಟು ಹಿಸ್ಟೋಗ್ರಾಮ್ ಸರಿಯಾಗಿಯೇ ಕಾಣುತ್ತಿದ್ದರೂ ಕೆಂಪಿನ ಚಾನಲ್ ಬಲಗೋಡೆಗೆ ಅಪ್ಪಳಿಸಿರುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಎಷ್ಟು ಎಳೆದರೂ ಎಳೆಗಳು ಪೂರ್ತಿ ವಾಪಸು ಬರುವುದಿಲ್ಲ.

ಇನ್ನು ಅಂತರದ ಲೆಕ್ಕ. ಮುಖದ ಎತ್ತರಕ್ಕೆ, ಒಂದೇ ಮೀಟರ್ ದೂರದಲ್ಲಿ ದೀಪ ಇಟ್ಟರೆ ಮುಖ ಸೊಗಸಾಗಿ ಬರುತ್ತದೆ. ಆದರೆ ಅಲ್ಲಿಂದ 1.4 ಮೀಟರ್ ಕೆಳಗಿರುವ ಗೌನಿನ ಅಂಚಿಗೆ ಸಿಗುವುದು ಮುಖಕ್ಕೆ ಸಿಕ್ಕ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು. ದೀಪವನ್ನು ಮೂರು ಮೀಟರ್ ದೂರಕ್ಕೆ ಸರಿಸಿದರೆ ಅಂಚಿಗೂ ನೂರಕ್ಕೆ ಎಂಬತ್ತರಷ್ಟು ತಲುಪುತ್ತದೆ. ಆಗ ಫ್ಲ್ಯಾಷ್ ಒಂಬತ್ತು ಪಟ್ಟು ಶಕ್ತಿ ಕೇಳುತ್ತದೆ, ನೆರಳು ಒರಟಾಗುತ್ತದೆ, ಪುಟ್ಟ ಸ್ಟುಡಿಯೊದಲ್ಲಿ ಬೆನ್ನಿಗೆ ಗೋಡೆ ಸಿಗುತ್ತದೆ. ಮುಖವೋ, ಅಂಚೋ? ಜಗಳ ಮತ್ತೆ ಅಲ್ಲಿಗೇ ಬಂತು.

ನನ್ನ ಒಲವು ಅಂಚಿನ ಕಡೆಗೆ. ಜ್ಯೂರಿಯವರು ಅಂಕ ಕೊಡುವುದು ಗೌನಿಗೆ, ಗೆಳತಿಯ ಕಣ್ಣಿಗಲ್ಲ. ಮುಖ ‘ಬೆಳ್ಳಗೆ’ ಬರಲೆಂದು ಎಕ್ಸ್‌ಪೋಷರ್ ಏರಿಸುವ ಚಾಳಿ ಇದೆಯಲ್ಲ, ಅದರಿಂದ ಮೊದಲು ಕೆಡುವುದೇ ಬಟ್ಟೆಯ ಬಣ್ಣ. ಕಪ್ಪು ಚರ್ಮದ ಚೆಲುವು ಅದರ ಹೊಳಪಿನಲ್ಲಿದೆ. ಪಕ್ಕದಲ್ಲೊಂದು ದೊಡ್ಡ ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ಆ ಹೊಳಪು ತಾನಾಗಿ ಬರುತ್ತದೆ.

ಉಳಿದ ತಾಪತ್ರಯಗಳು ಸಣ್ಣವು. ಷಟರ್ ವೇಗ ಫ್ಲ್ಯಾಷಿನ ಮಿತಿ ದಾಟಿದರೆ (ಹಲವು ಕ್ಯಾಮೆರಾಗಳಲ್ಲಿ ಸೆಕೆಂಡಿನ 1/200 ಅಥವಾ 1/250) ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಚಪ್ಪಲಿಯ ಅಟ್ಟೆಗೆ ಟೇಪ್ ಅಂಟಿಸದಿದ್ದರೆ ಬಿಳಿ ಬ್ಯಾಕ್‌ಡ್ರಾಪ್ ಕಾಗದದ ಮೇಲೆಲ್ಲ ಹೆಜ್ಜೆಗುರುತು. ಸಡಿಲ ಉಡುಪಿಗೆ ಬೆನ್ನ ಹಿಂದೆ ಕ್ಲಿಪ್ಪು ಸಿಕ್ಕಿಸುತ್ತಾರೆ. ಅಷ್ಟಾದ ಮೇಲೆ ಮಾಡೆಲ್ ಪಕ್ಕಕ್ಕೆ ತಿರುಗುವಂತಿಲ್ಲ. ಪಾಪ, ಕೈ ಎಲ್ಲಿಡಬೇಕೆಂದೇ ತಿಳಿಯದ ಆ ಹುಡುಗಿಗೆ ನೀರು ಕೇಳುವವರೂ ಇರುವುದಿಲ್ಲ.

ಜಗಳಕ್ಕೆ ಪರಿಹಾರವೇ ಇಲ್ಲವೆಂದಲ್ಲ. 1950ರಲ್ಲಿ ಅರ್ವಿಂಗ್ ಪೆನ್ ‘ವೋಗ್’ ಪತ್ರಿಕೆಗಾಗಿ ಪ್ಯಾರಿಸ್‌ನ ಉಡುಪುಗಳನ್ನು ಚಿತ್ರಿಸಿದ್ದು ಹಳೆಯ ಫೋಟೊಗ್ರಫಿ ಶಾಲೆಯೊಂದರ ಮೇಲಂತಸ್ತಿನಲ್ಲಿ. ಹಿಂದೆ ನಾಟಕದ ಹಳೇ ಪರದೆ, ಮೇಲೆ ಹಗಲ ಬೆಳಕು. ಅಷ್ಟರಲ್ಲೇ ಉಡುಪಿನ ಆಕಾರ ಕಡೆದಿಟ್ಟಂತೆ ನಿಂತಿತು, ಚಿತ್ರವೂ ಚಿತ್ರವಾಗಿ ಉಳಿಯಿತು. ಕಾಲೇಜಿನ ಉತ್ತರ ದಿಕ್ಕಿನ ದೊಡ್ಡ ಕಿಟಕಿ ಬಿಟ್ಟಿಯಾಗಿ ಸಿಗುವಾಗ ಗಂಟೆ ಲೆಕ್ಕದ ಸ್ಟುಡಿಯೊವೇ ಬೇಕೇ ಎಂದು ಒಮ್ಮೆಯಾದರೂ ಕೇಳಿಕೊಳ್ಳಬಹುದು.

ಶೂಟ್ ಮುಗಿದ ಮೇಲೆ ಎರಡನೇ ಸುತ್ತು: ಚಿತ್ರ ಯಾರದು? 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರೇ. ಬೇರೆ ಒಪ್ಪಂದ ಇಲ್ಲದಿದ್ದರೆ, ಪ್ರತಿಫಲ ಕೊಟ್ಟು ತೆಗೆಸಿಕೊಂಡವರು ಮೊದಲ ಒಡೆಯರಾಗುತ್ತಾರೆ. ಸ್ನೇಹಕ್ಕೆಂದು ಬಿಟ್ಟಿ ತೆಗೆದ ಚಿತ್ರ ತೆಗೆದವಳಲ್ಲೇ ಉಳಿಯುತ್ತದೆ, ಅದೂ ಅವಳ ಜೀವಮಾನವಿಡೀ, ಅವಳ ಕಾಲಾನಂತರ ಇನ್ನೂ 60 ವರ್ಷ. ಶೂಟ್ ದಿನ ಕೊಡಿಸಿದ ಬಿರಿಯಾನಿ ಪ್ರತಿಫಲವೇ ಎಂದು ಅವರವರಲ್ಲೇ ವಾದ ನಡೆಯಬಹುದು. ಅದಕ್ಕಿಂತ ಮೊದಲ ಕ್ಲಿಕ್ಕಿಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು, ಮಾಡೆಲ್ ಸೇರಿದಂತೆ ಮೂವರೂ ಸಹಿ ಹಾಕುವುದು ಮೇಲು.