ಗಲ್ಲುಶಿಕ್ಷೆಯ ಭಯ: ಹಲಗಲಿಯಿಂದ ಒಂದು ಚರ್ಚಾ ಪಾಠ

‘ಗಲ್ಲಿಗೇರಿಸಿದರೆ ಉಳಿದವರು ಹೆದರುತ್ತಾರೆ’ ಎಂಬ ಉತ್ತರ ತರಗತಿಯಲ್ಲಿ ಬೇಗ ಬರುತ್ತದೆ. ಅದನ್ನು ಪರೀಕ್ಷಿಸಬೇಕಾದ ಊಹೆಯೆಂದು ಎತ್ತಿಕೊಳ್ಳಬೇಕು.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿದ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರಲ್ಲಿ 19 ಮಂದಿಯನ್ನು ಬ್ರಿಟಿಷರು 1857ರ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಆದರೂ ಆರು ತಿಂಗಳೊಳಗೆ, 1858ರ ಮೇ ತಿಂಗಳಲ್ಲಿ, ನೆರೆಯ ನರಗುಂದ ಬಂಡೆದ್ದಿತು.

ಇಷ್ಟರಿಂದಲೇ ಗಲ್ಲು ನಿಷ್ಫಲವೆನ್ನಲಾಗದು. ಬಂಡಾಯ ಬೇರೆ, ಕೊಲೆ ಬೇರೆ. ಹೆದರಿ ಸುಮ್ಮನಿದ್ದವರು ಲೆಕ್ಕಕ್ಕೆ ಸಿಗುವುದಿಲ್ಲ. ಪ್ರಯೋಗದಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಬೇಕಾಗುವುದು ಇದಕ್ಕೇ. ಇಲ್ಲಿ ಹೋಲಿಸಬೇಕಾದದ್ದು ಗಲ್ಲನ್ನು ಬಿಡುಗಡೆಯೊಡನೆ ಅಲ್ಲ, ಜೀವಾವಧಿ ಶಿಕ್ಷೆಯೊಡನೆ.

ಕಾನೂನು ಆಯೋಗ 1967ರ 35ನೇ ವರದಿಯಲ್ಲಿ ಮರಣದಂಡನೆ ಉಳಿಯಲಿ ಎಂದಿತು. 2015ರ 262ನೇ ವರದಿಯಲ್ಲಿ, ಜೀವಾವಧಿಗಿಂತ ಅದು ಹೆಚ್ಚು ತಡೆಯುತ್ತದೆ ಎನ್ನಲು ಆಧಾರವಿಲ್ಲವೆಂದು ಕಂಡು, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ ರದ್ದತಿಯನ್ನು ಶಿಫಾರಸು ಮಾಡಿತು.

ಪರ-ವಿರೋಧ ಕೈ ಎತ್ತಿಸುವ ಮೊದಲು ‘ಯಾವುದಕ್ಕೆ ಹೋಲಿಸಿ?’ ಎಂದು ಕೇಳೋಣ. ತೀರ್ಪು ತಪ್ಪಾದರೆ ತಿದ್ದಲಾಗದ ಶಿಕ್ಷೆಗೆ ಊಹೆಯಷ್ಟೇ ಸಾಲದು.