ನಿಮಗಿದು ಗೊತ್ತೆ? ರಕ್ತನಾಳದ ಸ್ನಾಯುಕೋಶಗಳೂ ವಲಸೆ ಹೋಗುತ್ತವೆ

ಅಪಧಮನಿಯ ನಡುಪದರದಲ್ಲಿ ನೆಲೆನಿಂತು ನಾಳವನ್ನು ಹಿಗ್ಗಿಸಿ ಕುಗ್ಗಿಸುವ ಅನೈಚ್ಛಿಕ ಸ್ನಾಯುಕೋಶಗಳು, ನಾಳದ ಒಳಗೋಡೆಗೆ ಗಾಯವಾದಾಗ, ಪ್ಲೇಟ್‌ಲೆಟ್‌ಗಳು ಹೊರಸೂಸುವ ಬೆಳವಣಿಗೆ-ಪ್ರಚೋದಕ ಪ್ರೋಟೀನಿನ ಸೆಳೆತಕ್ಕೆ ಸಿಕ್ಕಿ ಒಳಪದರದತ್ತ ಚಲಿಸುತ್ತವೆ. ಈ ಚಲನೆಗೆ ಸುಮಾರು 7 ನ್ಯಾನೊಮೀಟರ್ ದಪ್ಪದ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಆಧಾರವಾದರೂ, ಅವುಗಳ ಬೆಳವಣಿಗೆಯನ್ನು ನಿಯಂತ್ರಿಸುವುದು ಅವಕ್ಕೆ ಅಂಟಿಕೊಳ್ಳುವ ಇತರ ಪ್ರೋಟೀನುಗಳು. ಎಆರ್‌ಪಿ 2/3 ಎಂಬ ಪ್ರೋಟೀನ್ ಸಂಕೀರ್ಣವು ಎಳೆಯ ಪಕ್ಕದಲ್ಲಿ ಸುಮಾರು 70 ಡಿಗ್ರಿ ಕೋನದ ಹೊಸ ಕವಲನ್ನು ಮೂಡಿಸುತ್ತದೆ; ಬೆಳೆಯುವ ಈ ಕವಲುಗಳು ಕೋಶದ ಮುಂಚೂಣಿಯ ಪೊರೆಯನ್ನು ಮುಂದೆ ತಳ್ಳುತ್ತವೆ. ಇನ್ನೂ ಬೆರಗಿನ ಸಂಗತಿಯೆಂದರೆ, ಕೊಫಿಲಿನ್ ಎಂಬ ಪ್ರೋಟೀನ್ ಹಳೆಯ ಎಳೆಗಳನ್ನು ತುಂಡರಿಸಿ ಬಿಡಿಸಿದ ಆಕ್ಟಿನ್ ಅಣುಗಳನ್ನೇ ಪ್ರೊಫಿಲಿನ್ ಎಂಬ ಇನ್ನೊಂದು ಪ್ರೋಟೀನ್ ಬೆಳೆಯುವ ತುದಿಗೆ ಮತ್ತೆ ಒದಗಿಸುತ್ತದೆ. ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಕೊಳವೆ) ಅಳವಡಿಸಿದ ನಾಳ ಪುನಃ ಕಿರಿದಾಗುವುದರಲ್ಲಿ ಈ ವಲಸೆಯ ಪಾತ್ರವಿರುವುದರಿಂದಲೇ, ಸ್ನಾಯುಕೋಶಗಳ ವಿಭಜನೆಯನ್ನೂ ಚಲನೆಯನ್ನೂ ತಗ್ಗಿಸುವ ಸಿರೋಲಿಮಸ್‌ನಂತಹ ಔಷಧವನ್ನು ಸ್ಟೆಂಟಿಗೆ ಲೇಪಿಸಲಾಗುತ್ತದೆ.