ವರ್ಣಹೀನತೆ ಮತ್ತು ಛಾಯಾಚಿತ್ರ

ಚರ್ಮ, ಕೂದಲು, ಕಣ್ಣು ಈ ಮೂರಕ್ಕೂ ಬಣ್ಣವನ್ನೀಯುವ ಮೆಲನಿನ್ ಎಂಬ ವರ್ಣದ್ರವ್ಯವು ಹುಟ್ಟಿನಿಂದಲೇ ಉತ್ಪನ್ನವಾಗದಿರುವ ಅಥವಾ ಅತ್ಯಲ್ಪವಾಗಿ ಉತ್ಪನ್ನವಾಗುವ ಸ್ಥಿತಿಗೆ ಆಲ್ಬಿನಿಸಂ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ವರ್ಣಹೀನತೆ ಎಂದು ಕರೆದಿದ್ದೇವೆ. ನಮ್ಮಲ್ಲಿ ಇದನ್ನು ತೊನ್ನೆಂದು ಭ್ರಮಿಸುವವರುಂಟು. ತೊನ್ನು ಸಾಮಾನ್ಯವಾಗಿ ಜನನಾನಂತರದಲ್ಲಿ ಮಚ್ಚೆಮಚ್ಚೆಯಾಗಿ ತೋರಿಬರುವ ಬೇರೆಯೇ ಸ್ಥಿತಿ. ಎರಡರಲ್ಲಿ ಯಾವುದೂ ಅಂಟುರೋಗವಲ್ಲ. ಇಂತಹ ಭ್ರಮೆಗಳನ್ನು ಹರಡುವುದರಲ್ಲಿಯೂ ನಿವಾರಿಸುವುದರಲ್ಲಿಯೂ ಛಾಯಾಚಿತ್ರದ ಪಾತ್ರವೇನೆಂಬುದೇ ಇಲ್ಲಿಯ ವಿಚಾರ.

೧. ಕಾರಣ

ವರ್ಣಹೀನತೆಯು ಆನುವಂಶಿಕವೆಂಬುದನ್ನು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರೋಡ್ 1908ರ ತನ್ನ ಪ್ರಸಿದ್ಧ ಉಪನ್ಯಾಸಗಳಲ್ಲಿ ಚರ್ಚಿಸಿ, ಅದನ್ನು ಹುಟ್ಟಿನೊಡನೆ ಬರುವ ಚಯಾಪಚಯ ದೋಷಗಳ ಗುಂಪಿಗೆ ಸೇರಿಸಿದನು. ಮೆಲನಿನ್ನಿನ ತಯಾರಿಕೆಗೆ ಟೈರೋಸಿನೇಸ್ ಎಂಬ ಕಿಣ್ವವು ಅವಶ್ಯಕ. ಒಂದು ಮುಖ್ಯ ಪ್ರಕಾರದಲ್ಲಿ ಈ ಕಿಣ್ವದ ಜೀನಿನಲ್ಲಿಯೇ ದೋಷವಿರುತ್ತದೆ. ಚರ್ಮ ಮತ್ತು ಕಣ್ಣುಗಳೆರಡನ್ನೂ ತಟ್ಟುವ ಪ್ರಕಾರಗಳಲ್ಲಿ ದೋಷಯುಕ್ತ ಜೀನು ತಂದೆತಾಯಿಗಳಿಬ್ಬರಿಂದಲೂ ಬಂದಿರಬೇಕು. ಇಬ್ಬರೂ ಸಾಮಾನ್ಯ ಮೈಬಣ್ಣದ ವಾಹಕರಾಗಿದ್ದಲ್ಲಿ, ಪ್ರತಿಯೊಂದು ಗರ್ಭದಲ್ಲಿಯೂ ಅಂತಹ ಶಿಶು ಜನಿಸುವ ಸಂಭವ ನಾಲ್ಕರಲ್ಲೊಂದು ಪಾಲು. ಆದ್ದರಿಂದ ಇಂತಹ ಮಗು ಹುಟ್ಟಿತೆಂದು ತಾಯಿಯೊಬ್ಬಳ ಮೇಲೆ ಅಪವಾದ ಹೊರಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಬಣ್ಣಕ್ಕಿಂತಲೂ ಹೆಚ್ಚಿನ ತೊಡಕು ಕಣ್ಣಿನದು. ಅಕ್ಷಿಪಟಲದ ನಡುಭಾಗವು ಪೂರ್ಣವಾಗಿ ಬೆಳೆಯುವುದಿಲ್ಲ. ಮೆದುಳಿಗೆ ಹೋಗುವ ದೃಷ್ಟಿತಂತುಗಳ ಹಾದಿಯೂ ಬದಲಾಗಿರುತ್ತದೆ. ಆದಕಾರಣ ಕನ್ನಡಕದಿಂದ ದೃಷ್ಟಿಯು ಸಂಪೂರ್ಣವಾಗಿ ಸರಿಹೋಗದು. ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಓಲಾಡುತ್ತವೆ, ಬೆಳಕು ಚುಚ್ಚುತ್ತದೆ. ಬಿಸಿಲಿನ ನಾಡುಗಳಲ್ಲಿ ಚರ್ಮದ ಅರ್ಬುದರೋಗದ ಭಯವೂ ಇದೆ.

೨. ಪ್ರದರ್ಶನ ಮತ್ತು ಮಾದರಿ

ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಪಿ. ಟಿ. ಬಾರ್ನಮ್ ತನ್ನ ವಿಚಿತ್ರವಸ್ತು ಸಂಗ್ರಹಾಲಯದಲ್ಲಿ ವರ್ಣಹೀನರಾದ ಮನುಷ್ಯರನ್ನೇ ಹಣಕ್ಕಾಗಿ ತೋರಿಸಿದನು. ಅವರ ಭಾವಚಿತ್ರಗಳು ಸಣ್ಣ ಕಾರ್ಡುಗಳಾಗಿ ಮಾರಾಟವಾದವು. ಬಳಿಕ ಕಾರ್ಲ್ ಪಿಯರ್ಸನ್, ನೆಟಲ್‌ಶಿಪ್, ಅಷರ್ ಎಂಬ ಮೂವರು ವಿದ್ವಾಂಸರು 1911ರಿಂದ 1913ರ ವರೆಗೆ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ವಂಶಾವಳಿಗಳೊಡನೆ ಛಾಯಾಚಿತ್ರಗಳೂ ಸೇರಿದವು. ಉದ್ದೇಶವು ಭಿನ್ನವಾದರೂ ನೋಟವು ಬಹಳ ಭಿನ್ನವಲ್ಲ: ಅಲ್ಲಿ ಮನುಷ್ಯನು ಕೌತುಕವಾದನು, ಇಲ್ಲಿ ಮಾದರಿಯಾದನು. ವೈದ್ಯಗ್ರಂಥಗಳಲ್ಲಿ ಗುರುತು ಮರೆಸಲೆಂದು ರೋಗಿಯ ಕಣ್ಣಿನ ಮೇಲೆ ಕಪ್ಪುಪಟ್ಟಿ ಎಳೆಯುವ ವಾಡಿಕೆಯಿತ್ತು. ವರ್ಣಹೀನರ ವಿಷಯದಲ್ಲಿ ಆ ಪಟ್ಟಿಯು ಅತ್ಯಂತ ಬಾಧೆಗೊಳಗಾದ ಅಂಗವನ್ನೇ ಮುಚ್ಚಿಬಿಡುತ್ತದೆ.

೩. ನೂತನ ಪ್ರಯತ್ನಗಳು

ಈ ನೋಟವನ್ನು ಬದಲಿಸಲು ಯತ್ನಿಸಿದವರಲ್ಲಿ ಅಮೆರಿಕದ ರಿಕ್ ಗೈಡೋಟಿ ಗಣ್ಯರು. ಫ್ಯಾಷನ್ ಛಾಯಾಗ್ರಾಹಕರಾಗಿದ್ದ ಅವರು ನ್ಯೂಯಾರ್ಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ವರ್ಣಹೀನ ಬಾಲಿಕೆಯೊಬ್ಬಳ ಚೆಲುವನ್ನು ಕಂಡು, ವೈದ್ಯಗ್ರಂಥಗಳಲ್ಲಿ ಅಂತಹವರ ಚಿತ್ರಗಳನ್ನು ಹುಡುಕಿದಾಗ, ದೊರೆತವೆಲ್ಲ ದೈನ್ಯದ ಚಿತ್ರಗಳು. ಅವರು ತೆಗೆದ ಭಾವಚಿತ್ರಗಳು 1998ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಪ್ರಕಟವಾದವು. ಅದೇ ವರ್ಷ ‘ಪಾಸಿಟಿವ್ ಎಕ್ಸ್‌ಪೋಷರ್’ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ದಕ್ಷಿಣ ಆಫ್ರಿಕದ ಪೀಟರ್ ಹ್ಯೂಗೋ ಮಾಡಿದ್ದು ಬೇರೊಂದು ಬಗೆಯ ಕೆಲಸ. ಅವರ ‘ಲುಕಿಂಗ್ ಅಸೈಡ್’ ಚಿತ್ರಮಾಲೆಯಲ್ಲಿ ಅಲಂಕಾರವಿಲ್ಲ. ಮುಖವು ನೋಡುಗನಿಗೆ ನೇರವಾಗಿ ಎದುರಾಗುತ್ತದೆ. ದೃಷ್ಟಿಯನ್ನು ತಪ್ಪಿಸುವ ನಮ್ಮ ಅಭ್ಯಾಸವೇ ಅಲ್ಲಿ ಪರೀಕ್ಷೆಗೊಳಗಾಗುತ್ತದೆ.

ನಮ್ಮ ದೇಶಕ್ಕೆ ಸಂಬಂಧಿಸಿದ ಚಿತ್ರವೂ ಒಂದುಂಟು. ಪಶ್ಚಿಮ ಬಂಗಾಳದ ಅಂಧಶಾಲೆಯೊಂದರ ವಸತಿಕೋಣೆಯಲ್ಲಿ ಬ್ರೆಂಟ್ ಸ್ಟರ್ಟನ್ ತೆಗೆದ ವರ್ಣಹೀನ ಬಾಲಕರ ಚಿತ್ರಕ್ಕೆ 2014ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಬಹುಮಾನ ಬಂದಿತು. ಅದರ ವಿವರಣೆಯು ಆ ಬಾಲಕರನ್ನು ಅಂಧರೆನ್ನುತ್ತದೆ. ಆ ಮಕ್ಕಳ ಮಾತು ಹೇಗೇ ಇರಲಿ, ವರ್ಣಹೀನತೆಯಿಂದ ಸಾಮಾನ್ಯವಾಗಿ ಉಂಟಾಗುವುದು ಮಂದದೃಷ್ಟಿಯೇ ಹೊರತು ಪೂರ್ಣಾಂಧತೆಯಲ್ಲ. ಚಿತ್ರವೊಂದನ್ನೇ ನೋಡಿದವನು ವರ್ಣಹೀನರೆಲ್ಲರೂ ಕುರುಡರೆಂದು ತಿಳಿದರೆ, ಹಳೆಯ ಭ್ರಮೆಯ ಜಾಗದಲ್ಲಿ ಹೊಸದೊಂದು ಬಂದು ಕೂರುತ್ತದೆ.

೪. ಛಾಯಾಚಿತ್ರದ ಮಿತಿ

ಚಿತ್ರವು ಚರ್ಮವನ್ನು ತೋರಿಸುತ್ತದೆ, ದೃಷ್ಟಿಮಾಂದ್ಯವನ್ನು ತೋರಿಸಲಾರದು. ಸ್ಥಿರಚಿತ್ರದಲ್ಲಿ ಓಲಾಡುವ ಕಣ್ಣು ನಿಂತುಬಿಡುತ್ತದೆ. ಓಲಾಟವು ಕಡಮೆಯಾಗಿ ನೋಟವು ನಿಚ್ಚಳವಾಗಲೆಂದು ಅನೇಕರು ತಲೆಯನ್ನು ಓರೆಯಾಗಿ ಹಿಡಿಯುತ್ತಾರೆ. ಇದನ್ನರಿಯದವನಿಗೆ ಅದು ಸಂಕೋಚವೆಂದೋ ಗರ್ವವೆಂದೋ ತೋರೀತು. ವರ್ಣಹೀನರ ಕಣ್ಣು ಕೆಂಪೆಂಬ ನಂಬಿಕೆಯೂ ಬಹುಮಟ್ಟಿಗೆ ಬೆಳಕಿನ ಆಟ. ಹಲವರ ಕಣ್ಣು ನೀಲಿ, ಬೂದು ಇಲ್ಲವೆ ಕಂದು. ಫ್ಲ್ಯಾಷಿನ ಬೆಳಕು ಒಳಗಣ ರಕ್ತನಾಳಗಳಿಂದ ಪ್ರತಿಫಲಿತವಾದಾಗ ಮಾತ್ರ ಕೆಂಪು ಕಾಣುತ್ತದೆ. ಅದೇ ಬೆಳಕು ಅವರಿಗೆ ನೋವನ್ನೂ ಉಂಟುಮಾಡುತ್ತದೆ. ಪಕ್ಕದಿಂದ ಬರುವ ಮೃದುವಾದ ಬೆಳಕೇ ಇಲ್ಲಿ ಯೋಗ್ಯ. ಚಿತ್ರದ ಸತ್ಯವೂ ಮನುಷ್ಯನ ಸೌಖ್ಯವೂ ಇದೊಂದರಲ್ಲಿ ಕೂಡಿಬರುತ್ತವೆ.

ಅತಿಯಾದ ಸೌಂದರ್ಯವರ್ಣನೆಯೂ ನಿರಪಾಯವಲ್ಲ. ವರ್ಣಹೀನರ ದೇಹಕ್ಕೆ ಅಲೌಕಿಕ ಶಕ್ತಿಯುಂಟೆಂಬ ಮೂಢನಂಬಿಕೆಯಿಂದ ಟಾಂಜಾನಿಯಾ ಮೊದಲಾದೆಡೆ ಕೊಲೆಗಳೇ ನಡೆದಿವೆ. ದೇವತೆಯೆಂದು ಹೊಗಳುವುದೂ ಪಿಶಾಚಿಯೆಂದು ಅಂಜುವುದೂ ಮನುಷ್ಯನಲ್ಲವೆಂದು ಹೇಳುವ ಎರಡು ರೀತಿಗಳಷ್ಟೆ.

ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನಿರ್ಣಯದಂತೆ ಪ್ರತಿವರ್ಷ ಜೂನ್ 13 ವರ್ಣಹೀನತೆಯ ಅರಿವಿನ ದಿನವಾಗಿದೆ. ಅಂದು ಕಾಲೇಜುಗಳಲ್ಲಿ ಚಿತ್ರಪ್ರದರ್ಶನವನ್ನೇರ್ಪಡಿಸುವವರು ಚಿತ್ರದಲ್ಲಿರುವವರ ಒಪ್ಪಿಗೆ, ಅವರು ಬಯಸಿದಲ್ಲಿ ಅವರ ಹೆಸರು, ಅವರದೇ ಮಾತಿನ ವಿವರಣೆ ಇವನ್ನು ಮೊದಲು ಸಂಪಾದಿಸತಕ್ಕದ್ದು. ವಿವರಣೆಯ ಅಕ್ಷರಗಳು, ಚಿತ್ರದಲ್ಲಿರುವವರೇ ಬಂದು ಓದಬಲ್ಲಷ್ಟು ದಪ್ಪವಾಗಿರಬೇಕು. ತರಗತಿಯಲ್ಲಿ ಇಂತಹ ವಿದ್ಯಾರ್ಥಿಯಿದ್ದರೆ ಅವನಿಗೆ ಮೊದಲ ಸಾಲಿನ ಸ್ಥಳ, ಕಿಟಕಿಗೆ ಬೆನ್ನಾದ ಆಸನ, ದಪ್ಪಕ್ಷರದ ಪ್ರಶ್ನಪತ್ರಿಕೆ, ಹಲಗೆಯ ಮೇಲೆ ಬರೆದುದನ್ನು ಬಾಯಲ್ಲಿಯೂ ಹೇಳುವ ಉಪಾಧ್ಯಾಯರು ಬೇಕು. ಇವಿಷ್ಟೂ ದೊರೆತ ದಿನ ಗೋಡೆಯ ಮೇಲಿನ ಚಿತ್ರಗಳು ತಮ್ಮ ಕೆಲಸ ಮಾಡಿದವೆಂದು ನಾವು ಒಪ್ಪಬಹುದು.